ಕುಂಡ ಸೇರಿದ ಕೋಟೆಯ ಮಣ್ಣು

ನಾನು ಮೊದಲ ಸಲ ಸಾಲಿ ಬಿಟ್ಟು ಓಡಿದ್ದು ಎರಡನೇ ಕ್ಲಾಸಿನ ಒಂದು ಸೋಮವಾರ. ಅಂಥ ನನ್ನನ್ನು ಬಿದ್ರಿ ಕೆಲಸ ಕಲಿಸಲಿಕ್ಕೆ ಬೀದರಿನಿಂದ ಭಾಲ್ಕಿಯ ಹೈಸ್ಕೂಲಿಗೆ ಕರೆಸಿದರು, ಮ್ಯಾಲ ‘ಸರ್’ ಅಂತ ಬ್ಯಾರೆ! ಮಕ್ಕಳು ಮೂರು ದಿನ ಕೂತು ಒಂದು ತಟ್ಟೆಗೆ ಬೆಳ್ಳಿ ತಂತಿ ಕೂಡಿಸಿದ್ದರು. ಇನ್ನು ಬೀದರ ಕೋಟೆಯ ಹಳೇ ಮಣ್ಣು ಹಚ್ಚಿದರೆ ತಟ್ಟೆ ಕಪ್ಪಾಗಿ, ಬೆಳ್ಳಿ ಮಾತ್ರ ಹೊಳೆಯಬೇಕು. ಮಧ್ಯಾಹ್ನ ಪಾಲಕರು ನೋಡಲು ಬರುವವರಿದ್ದರು. ಡಬ್ಬಿ ತೆಗೆದರೆ ಮಣ್ಣೇ ಇಲ್ಲ!

“ವೇಸ್ಟ್ ಆಗಬಾರದಂತ ಕುಂಡಕ್ಕ ಹಾಕಿ ತುಳಸಿ ಹಚ್ಚೀನ್ರಿ ಸರ್,” ಅಂದಳು ಪರಿಸರ ಸಂಘದ ಲೀಡರ್ ಸುವರ್ಣಾ.

“ಯಾವ ಕುಂಡ, ನಮ್ಮವ್ವಾ?”

“ನೆನಪಿಲ್ರಿ.”

ವರಾಂಡದಲ್ಲಿ ಇಪ್ಪತ್ತು ಕುಂಡ, ಎಲ್ಲದರಲ್ಲೂ ತುಳಸಿ. ನಮ್ಮ ಕೆಲಸದಲ್ಲಿ ಮಣ್ಣಿನ ಗುಣ ನಾಲಿಗೆಯೇ ಹೇಳಬೇಕು. ನಾನು ನೆಕ್ಕತೊಡಗಿದೆ, ಕ್ಲಾಸಿಗೆ ಕ್ಲಾಸೇ ಬೆರಳು ಅದ್ದಿ ನೆಕ್ಕಿತು. ಆಗಲೇ ಹೆಡ್‌ಮಾಸ್ತರು ಬಂದರು.

“ಯಾಕ್ರಿ ಉಸ್ತಾದ್, ಇವತ್ತ ಬಿಸಿಯೂಟ ಬಂದಿಲ್ಲೇನ್ರಿ?”

“ಸರ್, ಇದು ಉಪ್ಪುಪ್ಪು ಅದರಿ!” ಸುವರ್ಣಾ ಕೂಗಿದಳು.

ಅದೇ ಕೋಟೆಯ ಮಣ್ಣು! ನವಸಾಗರದ ಉಪ್ಪು ಬೆರೆಸಿ ಅದನ್ನು ಕಾಯಿಸಿದ ತಟ್ಟೆಗೆ ಹಚ್ಚಿದ್ದೇ ತಡ, ತಟ್ಟೆ ಕಪ್ಪಾಗಿ ಬೆಳ್ಳಿಯ ಬಳ್ಳಿ ಫಳ್ಳನೆ ಎದ್ದಿತು. ಮಕ್ಕಳು ಕುಣಿದರು, ನಾನೂ ಕುಣಿದೆ.

ಈಗ ಔರಾದಿನ ಸಾಲಿಗೆ ಹೊರಡಲು ಚೀಲ ಕಟ್ಟುತ್ತಿದ್ದೇನೆ. ಉಳಿದ ಮಣ್ಣಿನ ಡಬ್ಬಿಯ ಮೇಲೆ ‘ಗಿಡ ಹಚ್ಚಬ್ಯಾಡ್ರಿ’ ಅಂತ ಸುವರ್ಣಾಳ ಕೈಯಿಂದಲೇ ಬರೆಸಿದೆ. ಸಾಲಿಯಲ್ಲಿ ಒತ್ತಕ್ಷರ ಕಲಿಸಲು ಶುರು ಮಾಡಿದ್ದು ನಾನು ಓಡಿದ ಆ ಸೋಮವಾರವೇ.