ಶನಿಗ್ರಹದಲ್ಲಿ ಕಿರುಗುಟ್ಟಿದ ಬೂಟು

ಬೆಳಗಿನ ಆರು ಗಂಟೆ. ಮಾರ್ನ್ ನದಿ ದಂಡೆಯ ಜ್ವಾನ್‌ವಿಲ್‌ನಲ್ಲಿ ಬೇಕರಿಯೊಂದನ್ನು ಬಿಟ್ಟರೆ ಎಲ್ಲೂ ದೀಪ ಹತ್ತಿಲ್ಲ. ಆ ಬೇಕರಿಯ ಹಿಂದಿನ ಓಣಿಯ ಹಳೇ ಸ್ಟುಡಿಯೋದಲ್ಲಿ ಅರವತ್ತೊಂಬತ್ತರ ಗಿಸ್ಲೇನ್ ಪ್ರುವೋ ಎರಡು ಜೊತೆ ಉಣ್ಣೆಯ ಕಾಲುಚೀಲ ಏರಿಸಿ, ಅದರ ಮೇಲೆ ತಮ್ಮ ಪಾದಕ್ಕಿಂತ ಮೂರು ಅಳತೆ ದೊಡ್ಡದಾದ ಗಂಡಸಿನ ಕರಿ ಬೂಟು ಹಾಕಿಕೊಂಡು ಮರದ ಹಲಗೆಯ ಮೇಲೆ ನಿಂತಿದ್ದಾರೆ. ಎದುರಿನ ಪರದೆಯಲ್ಲಿ ಬೆಳ್ಳಿ ಬಣ್ಣದ ಉಡುಪು ತೊಟ್ಟ ಬೊಜ್ಜು ಹೊಟ್ಟೆಯ ಕ್ಯಾಪ್ಟನ್ನೊಬ್ಬ, ನಿದ್ದೆ ಹೋಗಿರುವ ಶನಿಗ್ರಹದ ರಾಣಿಯ ಪಕ್ಕದಲ್ಲೇ ಕಳ್ಳಹೆಜ್ಜೆ ಇಡುತ್ತಿದ್ದಾನೆ. ಅವನು ಕಾಲೆತ್ತಿದಾಗ ಗಿಸ್ಲೇನ್ ಕಾಲೆತ್ತುತ್ತಾರೆ, ಅವನು ಊರಿದಾಗ ಊರುತ್ತಾರೆ. ಟಕ್, ಟಕ್, ಟಕ್.

ಗಾಜಿನ ಆಚೆ ಕೂತ ಧ್ವನಿಮುದ್ರಕ ತಾಂಗಿ ಅಡ್ಡಡ್ಡ ತಲೆಯಾಡಿಸುತ್ತಾನೆ. "ಬೂಟು ಬಾಯೇ ಬಿಡ್ತಿಲ್ವಲ್ಲ, ಗಿಸ್ಲೇನ್."

"ಬಿಡುತ್ತೆ ಇರಪ್ಪ. ಮೂವತ್ತು ವರ್ಷ ಬಾಯಿ ಮುಚ್ಚದೇ ಇದ್ದ ಬೂಟು ಇದು."

ಎಂಬತ್ತರ ದಶಕದಲ್ಲಿ ಅಮೆರಿಕದ ಗಗನನೌಕೆಗಳನ್ನು ಗೇಲಿ ಮಾಡುವ ಹಾಸ್ಯಚಿತ್ರಗಳು ನಮ್ಮ ಫ್ರಾನ್ಸಿನಲ್ಲಿ ಸಾಲುಗಟ್ಟಿ ಬಂದವಲ್ಲ, ಅವುಗಳಲ್ಲಿ ಹನ್ನೊಂದಕ್ಕೆ ಸದ್ದು ಕೊಟ್ಟವರು ಗಿಸ್ಲೇನ್ ಮತ್ತು ಅವರ ಗಂಡ ಆನ್ಸೆಲ್ಮ್. ಒಂದರಲ್ಲೂ ಇವರ ಹೆಸರಿಲ್ಲ. ನಟರ ನಾಯಿ ನೋಡಿಕೊಂಡವನ ಹೆಸರಿದೆ, ಊಟ ಬಡಿಸಿದವಳ ಹೆಸರಿದೆ, ಇವರದ್ದಿಲ್ಲ! ನೌಕೆಯ ಬಾಗಿಲು ಬುಸ್ಸೆಂದು ತೆರೆದುಕೊಂಡರೆ ಅದು ಗಿಸ್ಲೇನ್ ಅವರ ಅಡುಗೆಮನೆಯ ಕುಕ್ಕರ್. ರೋಬೋ ಕತ್ತು ತಿರುಗಿಸಿದರೆ ಮೊಟ್ಟೆ ಕಡೆಯುವ ಯಂತ್ರ. ಶನಿಗ್ರಹದವರು ನಡೆದು ಬಂದರೆ ನೆಲ ಒರೆಸುವ ಒದ್ದೆ ಬಟ್ಟೆ. ಚಿತ್ರಮಂದಿರದಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸದ್ದು ಯಾರದ್ದು ಎಂದು ಒಬ್ಬರಾದರೂ ಕೇಳಿದೆವೇ?

ಬಿಡಿ, ಕೇಳಲಿಲ್ಲ.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನೂರ ನಲವತ್ತು ಜೊತೆ ಪಾದರಕ್ಷೆಗಳಿವೆ. ಪಾದ್ರಿಯ ಚಪ್ಪಲಿ, ನರ್ತಕಿಯ ಎತ್ತರದ ಹಿಮ್ಮಡಿ, ಸೈನಿಕನ ಮೊಳೆ ಹೊಡೆದ ಬೂಟು. ಒಂದು ಚಿತ್ರಕ್ಕೆ ಹನ್ನೆರಡು ದಿನ, ದಿನಕ್ಕೆ ಸುಮಾರು ಎರಡು ಸಾವಿರ ಹೆಜ್ಜೆ. ಗಂಡಸರ ಹೆಜ್ಜೆಯೆಲ್ಲ ಆನ್ಸೆಲ್ಮ್ ಅವರದ್ದು, ಹೆಂಗಸರು, ಮಕ್ಕಳು ಮತ್ತು ಬೇರೆ ಗ್ರಹದವರು ಗಿಸ್ಲೇನ್ ಪಾಲಿಗೆ. ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ: ಪಾದರಕ್ಷೆಯನ್ನು ಯಾವ ಕಾರಣಕ್ಕೂ ರಿಪೇರಿ ಮಾಡಿಸಬಾರದು. ಅಟ್ಟೆ ಸವೆಯಲಿ, ಹೊಲಿಗೆ ಬಿಡಲಿ, ಮುಟ್ಟುವಂತಿಲ್ಲ. ಹಾಳಾಗಿದ್ದರಲ್ಲೇ ಅದರ ದನಿ ಇರುತ್ತದೆ.

ಆ ಕಟ್ಟುನಿಟ್ಟನ್ನು ಗಿಸ್ಲೇನ್ ಬಾಳಿನಲ್ಲಿ ಒಂದೇ ಸಲ ಮುರಿದರು. ಕಳೆದ ಫೆಬ್ರವರಿಯಲ್ಲಿ ಆನ್ಸೆಲ್ಮ್ ತೀರಿಕೊಂಡಾಗ.

"ಅವನಿಗೆ ಬೇರೆ ಒಳ್ಳೇ ಬೂಟೇ ಇರ್ಲಿಲ್ಲ" ಎನ್ನುತ್ತಾರೆ ಅವರು, ಬೂಟಿನ ದಾರ ಬಿಗಿಯುತ್ತಾ. "ಹರಿದ ಬೂಟಲ್ಲಿ ಮಣ್ಣಿಗೆ ಕಳಿಸೋದಾ ಅಂತ ಮನಸ್ಸು ಒಪ್ಲಿಲ್ಲ. ನಮ್ಮ ಬೀದಿಯ ಚಮ್ಮಾರ ಬರ್ಸಮಿಯಾನ್ ಹತ್ರ ಕೊಟ್ಟೆ. ಪಾಪ, ಒಂದೇ ದಿನದಲ್ಲಿ ಹೊಸ ಅಟ್ಟೆ, ಹೊಸ ಹಿಮ್ಮಡಿ ಹಾಕಿ, ಮುಖ ಕಾಣೋ ಹಾಗೆ ಪಾಲಿಶ್ ಮಾಡಿಕೊಟ್ಟ. ಪೆಟ್ಟಿಗೆ ಮುಚ್ಚೋ ಹೊತ್ತಿಗೆ ನನ್ನಿಂದ ಆಗ್ಲೇ ಇಲ್ಲ. ಬೂಟು ಬಿಚ್ಚಿ ಎದೆಗೆ ಅವಚಿಕೊಂಡು ಮನೆಗೆ ತಂದುಬಿಟ್ಟೆ. ಅವನು ಕಾಲುಚೀಲದಲ್ಲೇ ಹೋದ."

ಅದಾಗಿ ಎಂಟು ತಿಂಗಳಿಗೆ ತಾಂಗಿಯ ಫೋನು ಬಂತು. ಶನಿಗ್ರಹದ ಆ ಹಳೇ ಚಿತ್ರವನ್ನು ಸರಿಪಡಿಸಿ ಮತ್ತೆ ಬಿಡುಗಡೆ ಮಾಡುತ್ತಿದ್ದಾರೆ. ಮಾತಿನ ಟೇಪು ಚೆನ್ನಾಗಿದೆ, ಸದ್ದಿನ ಟೇಪಿನ ಕೊನೆಯ ಸುರುಳಿ ಮಾತ್ರ ನೆಲಮಾಳಿಗೆಯ ತೇವಕ್ಕೆ ಕೊಳೆತುಹೋಗಿದೆ. ಆ ಹತ್ತು ನಿಮಿಷದ ಸದ್ದನ್ನು ಹೊಸದಾಗಿ ಮಾಡಬೇಕು. ಕ್ಯಾಪ್ಟನ್ ರಾಣಿಯ ಕೋಣೆಯಿಂದ ನುಸುಳುವಾಗ ಎಡಗಾಲಿನ ಬೂಟು ಕಿರುಗುಟ್ಟುವ ದೃಶ್ಯ ಅದರಲ್ಲೇ ಇದೆ. ಅಂದು ಆನ್ಸೆಲ್ಮ್ ಅದಕ್ಕೆ ನಡೆದದ್ದು ಇದೇ ಬೂಟಿನಲ್ಲಿ. ಹೋಲಿಸಿ ನೋಡಲು ಉಳಿದಿರುವುದು ಟಿವಿಯಿಂದ ಯಾರೋ ಮುದ್ರಿಸಿಟ್ಟ ಗೊರಗೊರ ಕ್ಯಾಸೆಟ್ಟು ಮಾತ್ರ.

ನಾಲ್ಕು ದಿನದಲ್ಲಿ ಉಳಿದೆಲ್ಲ ಸದ್ದೂ ಮುಗಿದಿದೆ. ಆ ಕಿರುಗು ಒಂದು ಸಿಕ್ಕಿಲ್ಲ. ಗಿಸ್ಲೇನ್ ಬೂಟನ್ನು ನೀರಲ್ಲಿ ನೆನೆಸಿದರು, ಒಲೆಯ ಪಕ್ಕ ಒಣಗಿಸಿದರು, ಉಪ್ಪು ಸವರಿದರು, ಹೊಸ ಅಟ್ಟೆಯನ್ನು ಅತ್ತಿತ್ತ ತಿರುಚಿದರು. ಬರ್ಸಮಿಯಾನ್ ಅಂಗಡಿಗೂ ಹೋಗಿ ಗೋಳಾಡಿದರು.

"ಮದಾಂ, ನಲವತ್ತು ವರ್ಷದಿಂದ ಜನ ಕಿರುಗುಟ್ಟೋದನ್ನ ನಿಲ್ಸಿ ಅಂತ ಬರ್ತಾರೆ" ಎಂದನಂತೆ ಆತ. "ಕಿರುಗುಟ್ಟಿಸಿಕೊಡಿ ಅಂತ ಬಂದೋರು ನೀವೊಬ್ರೇ. ನಾನು ಅಟ್ಟೆ, ಹಿಮ್ಮಡಿ ಬದಲಾಯಿಸಿದೀನಿ. ಒಳಗಿನ ಚರ್ಮ ಮುಟ್ಟಿಲ್ಲ, ದೇವರಾಣೆ."

ಇಂದು ಕೊನೆಯ ಬೆಳಗು. ಒಂಬತ್ತಕ್ಕೆ ಜಾಹೀರಾತಿನವರು ಬಂದು ಕೋಣೆ ಹಿಡಿಯುತ್ತಾರೆ. ಅಷ್ಟರಲ್ಲಿ ಆಗದಿದ್ದರೆ ತಾಂಗಿ ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಯಾವುದೋ ಕಿರುಗು ತೆಗೆದು ಅಂಟಿಸಬೇಕು. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಿಸ್ಲೇನ್ ಪಾಲಿಗೆ ಮಾತ್ರ, ಗಂಡನ ನಡಿಗೆಯನ್ನು ಅಳಿಸಿ ಗೊತ್ತಿಲ್ಲದವನ ಕಾಲನ್ನು ಅಲ್ಲಿಟ್ಟ ಹಾಗೆ. ಅದಕ್ಕೆ ಕಾರಣ ತಾನೇ, ದುಃಖದಲ್ಲಿ ತಾನು ಮಾಡಿಸಿದ ರಿಪೇರಿಯೇ ಎಂಬುದು ಅವರನ್ನು ಕೊರೆಯುತ್ತಿದೆ.

"ಸಾಕು ಮಾಡೋಣ್ವಾ?" ತಾಂಗಿ ಮೆಲ್ಲಗೆ ಕೇಳುತ್ತಾನೆ. ಗಂಟೆ ಎಂಟೂ ಕಾಲು.

"ಆ ಕ್ಯಾಸೆಟ್ಟು ಇನ್ನೊಂದ್ಸಲ ಹಾಕು. ಚಿತ್ರ ಬೇಡ, ಸದ್ದು ಮಾತ್ರ."

ಗಿಸ್ಲೇನ್ ಕಣ್ಣು ಮುಚ್ಚಿ ಕೇಳುತ್ತಾರೆ. ಟಕ್. ಸ್ವಲ್ಪ ಎಳೆತ. ಕಿರ್ರ್. ಟಕ್. ಎಳೆತ. ಕಿರ್ರ್. ಅವರ ಮುಖ ಬದಲಾಗುತ್ತದೆ. ಇದೇ ಚಿತ್ರದಲ್ಲಿ ನೌಕೆ ಅಪ್ಪಳಿಸುವ ಸದ್ದಿಗಾಗಿ ಆನ್ಸೆಲ್ಮ್ ಏಣಿಯಿಂದ ತಗಡಿನ ರಾಶಿಯ ಮೇಲೆ ಧುಮುಕಿದ್ದರು. ಆ ಸದ್ದಿಗೂ ಜನ ಬಿದ್ದು ಬಿದ್ದು ನಕ್ಕರು. ಆದರೆ ಅಂದಿನಿಂದ ಅವರ ಎಡ ಮಂಡಿ ಮಡಚಲೇ ಇಲ್ಲ. ಬೂಟಿನ ದೃಶ್ಯಕ್ಕೆ ಅವರು ನಡೆದದ್ದು ಅದರ ಮರುವಾರ, ನೋವು ನುಂಗಿಕೊಂಡು.

"ಅಯ್ಯೋ, ನಾನೆಂಥ ಪೆದ್ದಿ!" ಎಂದು ಗಿಸ್ಲೇನ್ ಹಣೆ ಚಚ್ಚಿಕೊಳ್ಳುತ್ತಾರೆ. "ನಾಲ್ಕು ದಿನದಿಂದ ಕ್ಯಾಪ್ಟನ್ ಹಾಗೆ ನಡೀತಿದೀನಿ. ಅವನು ಯಾವತ್ತು ಕ್ಯಾಪ್ಟನ್ ಹಾಗೆ ನಡೆದಿದ್ದ? ಹಾಕು, ಹಾಕು!"

ಪರದೆ ಬೆಳಗುತ್ತದೆ. ಗಿಸ್ಲೇನ್ ಎಡ ಮಂಡಿ ಮಡಚದೆ, ಕಾಲನ್ನು ಹೊರಗಿನಿಂದ ಸುತ್ತಿಸಿ ತಂದು, ಪಾದದ ಅಂಚಿಗೆ ಭಾರ ಹಾಕಿ ಊರುತ್ತಾರೆ. ಮೊದಲ ಹೆಜ್ಜೆಗೆ ಏನೂ ಇಲ್ಲ. ಮೂರನೆಯ ಹೆಜ್ಜೆಗೆ ಒಳಗಿನ ಹಳೇ ಚರ್ಮ ಎಲ್ಲೋ ಉಜ್ಜಿಕೊಂಡು ಸಣ್ಣಗೆ ನರಳುತ್ತದೆ. ನಾಲ್ಕನೆಯದಕ್ಕೆ ಕಿರ್ರ್!

ಗಾಜಿನ ಆಚೆ ತಾಂಗಿ ಎದ್ದು ನಿಂತಿದ್ದಾನೆ. ದೃಶ್ಯ ಮುಗಿಯುವವರೆಗೂ ಗಿಸ್ಲೇನ್ ನಿಲ್ಲಿಸುವುದಿಲ್ಲ. ಇಪ್ಪತ್ತೆರಡು ಹೆಜ್ಜೆ, ಅಡಿಗಡಿಗೂ ಕುಂಟುತ್ತಾ. ಆಮೇಲೆ ಹಲಗೆಯ ಮೇಲೇ ಕುಸಿದು ಕೂತು, ಬೂಟು ಹಾಕಿದ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಳ್ಳುತ್ತಾರೆ.

"ಅವರೇ ಬಂದ ಹಾಗಾಯ್ತು, ಗಿಸ್ಲೇನ್" ಎನ್ನುತ್ತಾನೆ ತಾಂಗಿ, ಒಳಗೆ ಬಂದು.

"ಇಲ್ಲಪ್ಪ, ಬರ್ಲಿಲ್ಲ. ಸದ್ದು ಮಾತ್ರ ಬಂತು. ಅವನು ಬರಲ್ಲ." ಗಿಸ್ಲೇನ್ ಬೂಟಿನ ದಾರ ಸಡಿಲಿಸುತ್ತಾರೆ. "ಆಗೆಲ್ಲ ರಾತ್ರಿ ಕಾಲಿಗೆ ಎಣ್ಣೆ ತಿಕ್ಕುವಾಗ ಬೈತಿದ್ದೆ, ಯಾರೋ ನಗಲಿ ಅಂತ ಮಂಡಿ ಮುರ್ಕೊಂಡ್ಯಲ್ಲೋ ಅಂತ. ನಕ್ಕರಲ್ಲ ಬಿಡು ಅಂತಿದ್ದ, ಅಷ್ಟೇ."

ಬರುವ ತಿಂಗಳು ಊರಿನ ಸಣ್ಣ ಚಿತ್ರಮಂದಿರದಲ್ಲಿ ಚಿತ್ರ ತೆರೆಕಾಣಲಿದೆ. ಈ ಸಲವಾದರೂ ಹೆಸರು ಹಾಕಿಸೋಣ ಎಂದು ತಾಂಗಿ ಓಡಾಡುತ್ತಿದ್ದಾನೆ. ಹಾಕುವುದಾದರೆ ಆನ್ಸೆಲ್ಮ್‌ನದೊಂದೇ ಹಾಕಿ, ನಡೆದವನು ಅವನು ಎಂದಿದ್ದಾರೆ ಗಿಸ್ಲೇನ್. ತಮಗಾಗಿ ಅವರು ಕೇಳಿರುವುದು ಕೊನೆಯ ಸಾಲಿನಲ್ಲಿ ಒಂದು ಕುರ್ಚಿ.

"ಆ ಜಾಗ ಬಂದಾಗ ಜನ ನಗಬೇಕು, ಮೊದಲಿನ ಹಾಗೇ" ಎನ್ನುತ್ತಾರೆ ಬೂಟು ಬಿಚ್ಚಿ, ಧೂಳು ಕೂಡ ಒರೆಸದೆ ಚೀಲಕ್ಕೆ ಇಟ್ಟುಕೊಳ್ಳುತ್ತಾ. "ನಾನು ಅಳ್ತೀನೇನೋ. ಆದ್ರೆ ಪಕ್ಕದವರಿಗೆ ಕೇಳ್ಸಲ್ಲ. ನಲವತ್ತೈದು ವರ್ಷ ಮೈಕಿನ ಮುಂದೆ ನಿಂತವಳು ನಾನು, ಸದ್ದಾಗದ ಹಾಗೆ ಇರೋದು ನನಗೆ ಯಾರೂ ಹೇಳ್ಕೊಡಬೇಕಿಲ್ಲ."