ಖೋ ಅನ್ನುವ ಮೊದಲೇ

ನಮ್ಮ ಖೋ ಖೋ ಮೇಡಂ ಅವರ ಬಲ ಅಂಗೈ ಸದಾ ನೋವಿನ ಮುಲಾಮಿನ ವಾಸನೆ ಹೊಡೆಯುತ್ತಿತ್ತು. ನಮ್ಮ ಮೀನಖಂಡಗಳನ್ನು ತಿಕ್ಕಿ ತಿಕ್ಕಿ ಒರಟಾದ ಕೈ ಅದು. ಆ ಕೈ ಬೆನ್ನಿಗೆ ಬೀಳುವುದನ್ನೇ ಕಾಯುತ್ತಾ ಯಲಹಂಕದ ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ಹುಡುಗಿಯರಲ್ಲಿ ನನ್ನಷ್ಟು ಪುಕ್ಕಲಿ ಇನ್ನೊಬ್ಬಳಿರಲಿಲ್ಲ.

ಆಟ ಗೊತ್ತಲ್ಲ. ಅಟ್ಟಿಸಿಕೊಂಡು ಓಡುವವಳು ಸಾಲಿನಲ್ಲಿ ಕೂತವಳ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಆಗ ಕೂತವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಖೋ ಅನ್ನುವ ಮೊದಲೇ ಎದ್ದರೆ ಫೌಲ್. ನಾನು ಎದ್ದುಬಿಡುತ್ತಿದ್ದೆ. ಹಿಂದೆ ಹೆಜ್ಜೆ ಸದ್ದಾದರೆ ಸಾಕು, ಎದೆ ಡವಡವ ಎಂದು ಕಾಲು ತಾನಾಗಿ ಚಿಮ್ಮುತ್ತಿತ್ತು.

ಬೇರೆ ಕೋಚ್‌ಗಳು ಮೈದಾನದ ಸುತ್ತ ಓಡಿಸಿ ಬೆವರಿಳಿಸುತ್ತಿದ್ದರು. ಇವರದು ಉಲ್ಟಾ. ಮೊದಲು ತಾವೇ ಬಗ್ಗಿ ಮೈದಾನದ ಕಲ್ಲು ಹೆಕ್ಕುವರು. ಆಮೇಲೆ ಕಂಬದಿಂದ ಕಂಬಕ್ಕೆ ಎದ್ದೆನೋ ಬಿದ್ದೆನೋ ಎಂದು ಓಡಿಸಿ, ಉಸಿರು ಪೂರ್ತಿ ತಹಬಂದಿಗೆ ಬರುವ ತನಕ ಕೂರಿಸುವರು. ಕುಕ್ಕರಗಾಲಿನಿಂದ ನೇರ ಮೇಲಕ್ಕೆ ಜಿಗಿಸಿ, ಸದ್ದಾಗದಂತೆ ಇಳಿಯಿರಿ ಎನ್ನುವರು. ಇಳಿಯುವಾಗ ಯಾರದಾದರೂ ಮಂಡಿ ಒಳಕ್ಕೆ ವಾಲಿದರೆ ಮೇಡಂ ಮುಖ ಬಿಳಿಚಿಕೊಳ್ಳುತ್ತಿತ್ತು; ಅಂದಿನ ಜಿಗಿತ ಅಲ್ಲಿಗೆ ಬಂದ್. ಒಮ್ಮೆ ಆರ್.ಟಿ. ನಗರದಿಂದ ನನ್ನನ್ನು ಬಿಡಲು ಬಂದ ಅಮ್ಮಿ ಗೇಟಿನಲ್ಲೇ ತಗಾದೆ ತೆಗೆದರು.

“ಏನ್ ಮೇಡಂ, ಓಡೋಕೆ ಅಂತ ಕಳ್ಸಿದ್ರೆ ಕೂರ್ಸಿಟ್ಟಿದ್ದೀರಲ್ಲ?”

“ಸುಸ್ತಾಗೋದು ಬೇರೆ, ಸ್ಪೀಡ್ ಬರೋದು ಬೇರೆ ಕಣ್ರೀ. ಸುಸ್ತು ಮಾಡ್ಸೋಕೆ ನಾನ್ಯಾಕೆ, ನಿಮ್ಮನೆ ಪಾತ್ರೆಗಳೇ ಸಾಕು.”

ಕಾಲಿಗೆ ಸ್ಪೀಡ್ ಬಂತು. ಹೆದರಿಕೆ ಮಾತ್ರ ಹೋಗಲಿಲ್ಲ. ಫೈನಲ್ ಒಂದರಲ್ಲಿ ಮತ್ತೆ ಮತ್ತೆ ಬೇಗ ಎದ್ದು ತಂಡವನ್ನೇ ಸೋಲಿಸಿದೆ. ರಾಜ್ಯ ತಂಡದ ಆಯ್ಕೆ ಹತ್ತಿರದಲ್ಲೇ ಇತ್ತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ವಾಪಸ್ ಬರುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು. ಹಿಂದಿನ ಸೀಟಿನಿಂದ ಆ ಕೈ ಬೆನ್ನಿಗೆ ತಗಲಿತು. ದಡಕ್ಕನೆ ಎದ್ದೆ, ತಲೆ ಮೇಲಿನ ಕಂಬಿಗೆ ಬಡಿಯಿತು. ಬಸ್ಸೆಲ್ಲಾ ನಕ್ಕಿತು. ಮೇಡಂ ನಗಲಿಲ್ಲ.

“ನಾನಿನ್ನೂ ಖೋ ಅಂದೇ ಇಲ್ವಲ್ಲಮ್ಮ. ಕಾಲು ರೆಡಿ ಇರ್ಲಿ, ಕಿವಿಗೆ ಬೀಳೋವರ್ಗೂ ಕೂತಿರು. ಭಯ ಆದ್ರೆ ಆಗ್ಲಿ ಬಿಡು. ನಂಗೂ ಆಗತ್ತೆ.”

ಅಂದಿನಿಂದ ಅವರು ಎಲ್ಲೆಂದರಲ್ಲಿ ಬೆನ್ನು ಮುಟ್ಟಿ ಸುಮ್ಮನಾಗಿಬಿಡುತ್ತಿದ್ದರು. ನಾನು ಹಲ್ಲು ಕಚ್ಚಿ ಕೂರುತ್ತಿದ್ದೆ. ಆಯ್ಕೆಯ ದಿನವೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಆದರೆ ಒಮ್ಮೆಯೂ ಬೇಗ ಏಳಲಿಲ್ಲ. ರಾಜ್ಯಕ್ಕೆ ಆಡಿದೆ. ಇಂದಿನ ನನ್ನ ಕೆಲಸವೂ ಆ ಆಟದಿಂದಲೇ ಸಿಕ್ಕಿದ್ದು.

ಹೋದ ವರ್ಷ ಮೇಡಂಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಮಾತು ಎರಡೂ ಹೋದವು. ಹೆಬ್ಬಾಳದ ಆಸ್ಪತ್ರೆಗೆ ದಿನಾ ಸಂಜೆ ಹೋಗುತ್ತಿದ್ದೆ. ಇತ್ತ ಅವರ ಈಗಿನ ತಂಡದ ಹುಡುಗಿಯರಿಗೆ ಟೂರ್ನಮೆಂಟ್ ಹತ್ತಿರ ಬಂದಿತ್ತು.

“ಅಕ್ಕಾ, ನೀವೇ ಬಂದು ಹೇಳ್ಕೊಡಿ” ಎಂದು ಫೋನ್ ಮಾಡುತ್ತಿದ್ದರು.

“ಮೇಡಂ ಹುಷಾರಾಗ್ಲಿ ತಡೀರೇ” ಎಂದು ಜಾರಿಕೊಳ್ಳುತ್ತಿದ್ದೆ. ನನ್ನ ಕೈಯಲ್ಲಿ ಯಾವ ಹುಡುಗಿಯ ಮಂಡಿಯಾದರೂ ಹೋದರೆ? ಆ ದಿಗಿಲಿಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ಸಂಜೆ ಮೇಡಂಗೆ ಅದನ್ನೇ ಹೇಳಿ, ಮಂಚದಂಚಿನಲ್ಲಿ ಬೆನ್ನು ಹಾಕಿ ಕೂತು ಮೂಸಂಬಿ ಸುಲಿಯುತ್ತಿದ್ದೆ. ಅವರ ಎಡಗೈ ಬೆನ್ನಿಗೆ ತಗಲಿತು. ಕಾದೆ. ತಿರುಗಿ ನೋಡಿದರೆ ತುಟಿ ಅಲುಗುತ್ತಿತ್ತು, ಸದ್ದು ಹೊರಡಲಿಲ್ಲ. ನಾನು ಕೂತೇ ಇದ್ದೆ.

ಆ ವಾರವೇ ಅವರು ಹೋದರು. ಅಂತ್ಯಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಯಲಹಂಕದ ಮೈದಾನಕ್ಕೆ ಹೋಗಿ, ಬಗ್ಗಿ ಕಲ್ಲು ಹೆಕ್ಕತೊಡಗಿದೆ. ದಿಗಿಲು ಹೋಗಿರಲಿಲ್ಲ. ಹುಡುಗಿಯರು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು. ಖೋ ಕೇಳಿಸಿಕೊಳ್ಳದೆಯೇ ಎದ್ದು ಬಂದಿದ್ದೆ. ಫೌಲ್ ಅನ್ನಲು ಮೇಡಂ ಇರಲಿಲ್ಲ.