ಒಝೆಲಾ ಟ್ರುವಿಟ್ ಅವರ ಎಡಗಾಲು

ನಮ್ಮ ಗ್ಯಾರಿ ಊರಿನ ಚರ್ಚಿನಲ್ಲಿ ಮಿಸ್ ಒಝೆಲಾ ಟ್ರುವಿಟ್ ಪಿಯಾನೋ ಮುಂದೆ ಕೂತು ಐವತ್ತು ವರ್ಷ ದಾಟಿತು. ಒಂದು ದಿನವೂ ಕಾಗದ ನೋಡಿ ನುಡಿಸಿದವರಲ್ಲ. ಸ್ವರಲಿಪಿ ಓದಲು ಅವರಿಗೆ ಬರುವುದಿಲ್ಲ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯುತ್ತದೆ, ಅಷ್ಟೇ.

ಹೊಟ್ಟೆಪಾಡಿಗೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದರು, ಹದಿನಾಲ್ಕನೇ ನಂಬರಿನದು. ನನ್ನ ಗಂಡನೂ ಅದರಲ್ಲೇ ಶಾಲೆಗೆ ಹೋಗಿಬಂದವನು. ‘ಮುಂದಿನ ತಿರುವಲ್ಲೂ ನೀನಿದ್ದೀಯೆ’ ಎಂಬ ಹಾಡನ್ನು ಅವರು ಕಟ್ಟಿದ್ದು ಆ ಸ್ಟೀರಿಂಗ್ ಹಿಡಿದುಕೊಂಡೇ. ಅದಕ್ಕೀಗ ನಲವತ್ತೊಂದು ವರ್ಷ. ಮದುವೆಯಾಗಿ ಹೋದವರು, ಕೆಲಸ ಹುಡುಕಿ ಹೋದವರು ಅದನ್ನು ಬಾಯಲ್ಲೇ ಹೊತ್ತುಕೊಂಡು ಹೋಗಿ ಎಷ್ಟೋ ಊರಿನ ಚರ್ಚುಗಳಲ್ಲಿ ಹಾಡಿದರು. ಹಾಡು ಹೋಯಿತು, ಹೆಸರು ಜೊತೆಗೆ ಹೋಗಲಿಲ್ಲ.

ಕಳೆದ ಚಳಿಗಾಲದಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಶವಸಂಸ್ಕಾರಕ್ಕೆ ಅವರು ಹೋಗಿದ್ದಾಗ ಅಲ್ಲಿ ಹಂಚಿದ ಕಾಗದದಲ್ಲಿ ಆ ಹಾಡಿನ ಮುಂದೆ, ಕಟ್ಟಿದವರ ಹೆಸರಿರಬೇಕಾದಲ್ಲಿ, ‘ಸಾಂಪ್ರದಾಯಿಕ’ ಎಂದು ಅಚ್ಚಾಗಿತ್ತಂತೆ.

“ಸಾಂಪ್ರದಾಯಿಕ ಅಂದ್ರೆ ಕಟ್ಟಿದೋರು ಸತ್ತು ಮಣ್ಣಾದ್ರು ಅಂತ ತಾನೇ? ನಾನು ಅಲ್ಲೇ ಮೂರನೇ ಸಾಲಲ್ಲಿ ಕೂತಿದ್ದೆ ಕಣ್ರೇ, ಹೊಸ ಟೋಪಿ ಹಾಕ್ಕೊಂಡು!” ಎಂದು ಬಂದು ಹೇಳಿದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ರಾಜ್ಯದ ಗಾಯನವೃಂದಗಳೆಲ್ಲ ಸೇರುತ್ತವೆ. ಈ ಸಲ ಆ ಕೂಟದವರು ಒಂದು ಹಾಡಿನ ಪುಸ್ತಕ ಅಚ್ಚು ಹಾಕಿಸುವವರಿದ್ದರು. ಕಟ್ಟಿದವರ ಹೆಸರು ಬರಬೇಕಾದರೆ ಸ್ವರಲಿಪಿ ಬರೆದು ಕಳಿಸಬೇಕು, ಶುಕ್ರವಾರ ಸಂಜೆ ಐದರೊಳಗೆ. ನಾನು ಶಿಕಾಗೋದಲ್ಲಿ ಓದಿದವಳು, ಶಾಲೆಯಲ್ಲಿ ಕ್ಲಾರಿನೆಟ್ ಊದುತ್ತಿದ್ದೆ, ಲ್ಯಾಪ್‌ಟಾಪಿನಲ್ಲಿ ಸ್ವರಲಿಪಿಯ ತಂತ್ರಾಂಶವೂ ಇತ್ತು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಹೂಂ ಅಂದುಬಿಟ್ಟೆ.

ಬುಧವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಮೇಜು ಹಾಕಿ, ಪಿಯಾನೋದ ಹಾಗೆ ನುಡಿಸುವ ಮಿಡಿ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಎಂಟು ತಿಂಗಳ ನನ್ನ ಮಗಳು ನಿಯಾಳನ್ನು ಜೊತೆಗೇ ತಂದಿದ್ದೆ. ಅವಳಿಗೆ ಮೂಗು ಸೋರುತ್ತಿತ್ತು. ಜ್ವರ ಇರಬಹುದೇ ಎಂದು ಹಣೆ ಮುಟ್ಟುವುದು, ವೈರು ಬಾಯಿಗೆ ಹಾಕಿಕೊಂಡಾಳೆಂದು ಎಳೆದುಕೊಳ್ಳುವುದು, ಮತ್ತೆ ಹಣೆ ಮುಟ್ಟುವುದು, ಇದೇ ನನ್ನ ಕೆಲಸ.

“ನೀವು ನುಡಿಸಿ, ಅದು ತಾನೇ ಬರ್ಕೊಳ್ಳತ್ತೆ. ಲ್ಯಾಪ್‌ಟಾಪ್ ತಾಳ ಹಾಕೋ ಈ ಟಿಕ್ ಟಿಕ್ ಜೊತೆ ಹೋಗಿ, ಅಷ್ಟೇ,” ಎಂದೆ.

ಅವರು ನುಡಿಸಿದರು. ನನ್ನ ಮೈ ಜುಮ್ಮೆಂದಿತು. ಪರದೆ ನೋಡಿದರೆ, ಸಕ್ಕರೆ ಚೆಲ್ಲಿದಲ್ಲಿ ಇರುವೆ ಮುತ್ತಿದ ಹಾಗೆ ಚೂರುಚೂರು ಸ್ವರಗಳು, ಅವುಗಳ ನಡುವೆ ಮೌನದ ಚೂರುಗಳು. ಮಿಸ್ ಒಝೆಲಾ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನುಡಿಸುವವರು. ಆ ಹಾಡಿನ ಜೀವವೇ ಅಲ್ಲಿದೆ. ಯಂತ್ರವೋ ಆ ಕೂದಲೆಳೆಯನ್ನೂ ಅಳೆದು ಬರೆದಿತ್ತು.

ಕುರ್ಚಿ ಜೋಡಿಸುತ್ತಿದ್ದ ಚರ್ಚಿನ ಹಿರಿಯ, ಡೀಕನ್ ಬೀಚಮ್ ಬಗ್ಗಿ ನೋಡಿದರು. ನಮ್ಮ ಗಾಯನವೃಂದದಲ್ಲಿ ಅವರದು ಎಲ್ಲರಿಗಿಂತ ದಪ್ಪ ದನಿ. “ಇದೇನಮ್ಮಾ, ಹಾಡೋ, ನನ್ನ ಹೃದಯದ ಇಸಿಜಿಯೋ?”

“ನಿಮಗೆ ಹೃದಯ ಬೇರೆ ಇದೆಯಾ? ಹೋಗಿ ಕುರ್ಚಿ ಹಾಕಿ,” ಎಂದರು ಮಿಸ್ ಒಝೆಲಾ.

ಟಿಕ್ ಟಿಕ್ಕಿಗೆ ಸರಿಯಾಗಿ ಇನ್ನೂ ಮೂರು ಸಲ ನುಡಿಸಿದರು. ಈಗ ಪರದೆ ಸ್ವಚ್ಛವಾಗಿತ್ತು, ಹಾಡು ಮಾತ್ರ ಕಟ್ಟಿಗೆಯ ಹಾಗಿತ್ತು. “ನಲವತ್ತೊಂದು ವರ್ಷದಲ್ಲಿ ನನ್ನ ಹಾಡು ಕೇಳಿ ನನಗೇ ಆಕಳಿಕೆ ಬಂದದ್ದು ಇವತ್ತೇ ಮಗಳೇ,” ಎಂದರು.

ಗುರುವಾರ ಇನ್ನೊಂದು ದಾರಿ ಹಿಡಿದೆ. ಒಂದೊಂದೇ ಸ್ವರಗುಚ್ಛ ನಿಧಾನವಾಗಿ ಒತ್ತಿ ಎಂದೆ. ಐದನೆಯದಕ್ಕೇ ಅವರ ಕೈ ನಿಂತುಹೋಯಿತು. “ನಿಲ್ಲಿಸಿ ಕೇಳಿದ್ರೆ ಬೆರಳಿಗೆ ಮರೆತುಹೋಗತ್ತೆ ಕಣೇ. ಓಡ್ತಿದ್ರೇನೇ ದಾರಿ ಗೊತ್ತಾಗೋದು.” ಕನ್ನಡಕ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. “ಬಿಡು ರೆನೀಟಾ. ಹೆಸರಿಲ್ಲದೆ ಇಷ್ಟು ದಿನ ಹೋಯ್ತು, ಇನ್ನೂ ಹೋಗತ್ತೆ. ಮಗು ಕರ್ಕೊಂಡು ಮನೆಗೆ ಹೋಗು.”

ಆ ಮಾತಿಗಿಂತ ಅವರು ಕೈಚೀಲ ಮುಚ್ಚಿದ ಸದ್ದು ನನಗೆ ಹೆಚ್ಚು ಚುಚ್ಚಿತು. “ನಾಳೆ ಒಂದೇ ಒಂದು ಸಲ,” ಎಂದು ಅಂಗಲಾಚಿದೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಅವರು ಬೆರಳು ಬಿಸಿಮಾಡಿಕೊಳ್ಳಲು ಸುಮ್ಮನೆ ನುಡಿಸುತ್ತಿದ್ದರು, ನಾನು ಬೇರೆ ಯಾರನ್ನಾದರೂ ಕೇಳಬೇಕೇ ಎಂದು ಒದ್ದಾಡುತ್ತಿದ್ದೆ. ತಿರುಗಿ ನೋಡಿದರೆ ನಿಯಾ ಚಾಪೆಯ ಮೇಲಿಲ್ಲ! ನಾನು ಮೇಜಿನ ಕೆಳಗೆ ತೂರಿದೆ. ಅಲ್ಲಿ ಕೂತು ಅವಳು ಮಿಸ್ ಒಝೆಲಾರ ಎಡಗಾಲಿನ ಶೂ ಹಿಡಿಯಲು ನೋಡುತ್ತಿದ್ದಳು. ಶೂ ಏಳುತ್ತಿತ್ತು, ಬೀಳುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ಮೇಲೆ ಕೈಗಳು ಎಷ್ಟೇ ಹಿಂದುಳಿದು ಆಡಿದರೂ ಕೆಳಗೆ ಆ ಕಾಲು ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ.

“ಈ ಕಾಲು ಯಾವಾಗಲೂ ಹೀಗೇನಾ?” ಕೆಳಗಿನಿಂದಲೇ ಕೇಳಿದೆ.

“ನನ್ನ ಬಸ್ಸಲ್ಲಿ ಬಲಗಾಲಿಗೆ ಬ್ರೇಕು, ಆಕ್ಸಿಲರೇಟರು. ಕ್ಲಚ್ಚು ಅನ್ನೋದೇ ಇಲ್ಲ. ಎಡಗಾಲಿಗೆ ಏನು ಕೆಲಸ ಹೇಳು? ಅದು ತಾಳ ಹಾಕ್ತಾ ಇತ್ತು. ಆ ಕಾಲಿಂದಲೇ ಹುಟ್ಟಿದ್ದು ಈ ಹಾಡು.”

ನಿಯಾಳನ್ನು ಎಳೆದುಕೊಂಡು ಎದ್ದವಳು ತಂತ್ರಾಂಶದ ಆಯ್ಕೆಗಳನ್ನೆಲ್ಲ ಜಾಲಾಡಿದೆ. ಎಲ್ಲೋ ಓದಿದ ನೆನಪಿತ್ತು, ಸಿಕ್ಕಿತು: ಟಿಕ್ ಟಿಕ್ ನಿಲ್ಲಿಸಿಬಿಟ್ಟು, ತಾಳವನ್ನು ನುಡಿಸುವವರೇ ಪೆಡಲ್ ಒತ್ತಿ ಕೊಡಬಹುದು. ತೀರಾ ಸಣ್ಣ ಚೂರುಗಳನ್ನು ಬರೆಯಬೇಡ ಎಂದೂ ಹೇಳಿಟ್ಟೆ. ಕೀಬೋರ್ಡಿಗೆ ಸಿಕ್ಕಿಸಿ ಬಲಗಾಲ ಬಳಿ ಇಟ್ಟಿದ್ದ ಪೆಡಲನ್ನು ಅವರ ಎಡಗಾಲಿನ ಕೆಳಗೆ ತಳ್ಳಿದೆ.

“ಈಗ ನೀವು ಯಾರ ಹಿಂದೆಯೂ ಹೋಗಬೇಡಿ. ಅದೇ ನಿಮ್ಮ ಹಿಂದೆ ಬರತ್ತೆ.”

“ಬರ್ಲಿ ಮತ್ತೆ,” ಎಂದು ಬೆನ್ನು ನೆಟ್ಟಗೆ ಮಾಡಿ ಕೂತರು, ಥೇಟ್ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ.

ಕಾಲು ಬಿದ್ದಾಗಲೆಲ್ಲ ಯಂತ್ರ ಒಂದು ಹೆಜ್ಜೆ ಇಟ್ಟಿತು. ಕೊನೆಯ ಪಲ್ಲವಿಗೆ ಮುಂಚೆ ಅವರು, ಮಗುವೊಂದು ರಸ್ತೆ ದಾಟಲೆಂದು ಕಾಯುವ ಹಾಗೆ, ಕಾಲೆತ್ತಿ ಹಿಡಿದರು. ಯಂತ್ರವೂ ಉಸಿರು ಹಿಡಿದು ನಿಂತಿತು. ಕಾಲು ಬಿತ್ತು, ಅದೂ ಹೊರಟಿತು. ಪರದೆಯಲ್ಲಿ ಒಂದರ ಹಿಂದೊಂದು ಓದಬಲ್ಲ ಸಾಲುಗಳು! ಆಮೇಲೆ ಹಾಡುವವರಿಗೆ ಬೇಕಾದ ರಾಗದ ಸಾಲನ್ನು ಡೀಕನ್ ಬೀಚಮ್ ಹಾಡಿ ತೋರಿಸಿದಂತೆ ನಾನೇ ಒಂದು ಬೆರಳಲ್ಲಿ ಒತ್ತಿ ಸೇರಿಸಿದೆ. ತಪ್ಪು ತಿದ್ದಿ, ಪದ ಕೂಡಿಸಿ ಮುಗಿಸುವಷ್ಟರಲ್ಲಿ ಸಂಜೆ ನಾಲ್ಕೂವರೆಯಾಯಿತು. ಮೊದಲ ಪುಟದ ನೆತ್ತಿಯಲ್ಲಿ ಬರೆದೆ: ಮಾತು ಮತ್ತು ರಾಗ, ಒಝೆಲಾ ಮೇ ಟ್ರುವಿಟ್.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇನ್ನೂ ಒಂಚೂರು ದೊಡ್ಡದು ಮಾಡು.”

ಮಾಡಿದೆ.

“ಇನ್ನೂ ಒಂಚೂರು.”

“ಮಿಸ್ ಒಝೆಲಾ, ಹಾಡಿಗೆ ಜಾಗ ಬೇಡವಾ?” ಎಂದರು ಬೀಚಮ್. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಕಳಿಸಿದೆ. ಹೋಯಿತೋ ಇಲ್ಲವೋ ಎಂದು ಏಳು ಸಲ ನೋಡಿದೆ. ಹೋಗಿತ್ತು.

ಜುಲೈನಲ್ಲಿ ನಾವೆಲ್ಲ ಇಂಡಿಯಾನಾಪೊಲಿಸ್‌ಗೆ ಹೋದೆವು. ನಮ್ಮ ಹಾಡು ಪುಸ್ತಕದ ಐವತ್ತೆರಡನೇ ಪುಟದಲ್ಲಿತ್ತು. ಎವನ್ಸ್‌ವಿಲ್‌ನ ವೃಂದವೊಂದು ಅದನ್ನು ಹಾಡಲು ನಿಂತಿತು. ಅವರ ಮುಖ್ಯಸ್ಥ ಹಾಡು ಕಟ್ಟಿದವರ ಹೆಸರು ಪೂರ್ತಿ ಓದಿದಾಗ ನಮ್ಮ ಚರ್ಚಿನವರೆಲ್ಲ ಎದ್ದು ನಿಂತರು. ನಿಯಾಳನ್ನು ಎತ್ತಿಕೊಂಡು, ಜನರ ನೂಕಿಗೆ ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಹೆದರಿಕೊಂಡೇ, ನಾನೂ ಕೂಗಿದೆ. ಮಿಸ್ ಒಝೆಲಾ ಮಾತ್ರ ಏಳಲಿಲ್ಲ. ಅದೇ ಟೋಪಿ, ಇಲ್ಲೂ ಮೂರನೇ ಸಾಲು.

ಪಿಯಾನೋ ನುಡಿಸುತ್ತಿದ್ದ ಹುಡುಗಿ ನಮ್ಮ ಯಾರ ಮುಖವನ್ನೂ ಕಂಡವಳಲ್ಲ. ಕಣ್ಣು ಪುಸ್ತಕದ ಮೇಲಿತ್ತು, ಹಾಡು ಸರಿಯಾಗಿಯೇ ಬರುತ್ತಿತ್ತು. ಕೊನೆಯ ಪಲ್ಲವಿಯ ಮುಂಚೆ, ನಿಲ್ಲಬೇಕಾದಲ್ಲಿ, ಅವಳು ಚೂರು ಬೇಗ ಹೊರಟಳು. ನನ್ನ ಪಕ್ಕದಲ್ಲಿ ಮಿಸ್ ಒಝೆಲಾರ ಎಡಗಾಲು ಇನ್ನೂ ಮೇಲೇ ಇತ್ತು.

“ಅವಸರ ಮಾಡಿದ್ಲು,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ, ಒಂದು ಸ್ವರವನ್ನೂ ಓದಲು ಬಾರದ ಮಿಸ್ ಒಝೆಲಾ ಗತ್ತಿನಿಂದ ತೊಡೆಯ ಮೇಲಿದ್ದ ಪುಸ್ತಕದ ಪುಟಕ್ಕೆ ಬೆರಳಿಟ್ಟರು. “ನಾನು ಸರಿಯಾಗೇ ಬರೆದಿದೀನಿ. ನೋಡ್ಕೊಂಡು ನುಡಿಸ್ಲಿ.”